ಕತ್ತಿನ ಕೆಳಗಿನ ಎರಡು ಅಕ್ಷರ

ವಾಲ್ದೆಲೀಸಿ ತೀರಿಕೊಂಡಾಗ ನಮ್ಮ ಜಿಲ್ಲೆಯ ವಾರಪತ್ರಿಕೆ ಎರಡೇ ಸಾಲು ಬರೆಯಿತು. ನಿವೃತ್ತ ಡ್ರಾಯಿಂಗ್ ಟೀಚರ್, ಅವಿವಾಹಿತೆ, ಅಂತ್ಯಕ್ರಿಯೆ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ. ಅದೇ ಪತ್ರಿಕೆಗೆ ಅವಳು ಅರ್ಧ ಆಯುಷ್ಯ ಕೂತು ಶಿಲ್ಪ ವಿಮರ್ಶೆ ಬರೆದಿದ್ದಳು. ಅದನ್ನು ಒಂದು ಮಾತಾದರೂ ಹೇಳಲು ಸಂಪಾದಕನಿಗೆ ಕೈ ಬರಲಿಲ್ಲ. ಓದಿ ನನಗೆ ಹೊಟ್ಟೆ ಉರಿಯಿತು. ನಾನೇನು ಬರೆಯುವವಳಲ್ಲ, ಪೆದ್ರಾ ಮಾನ್ಸಾ ಎಂಬ ಊರಿನ ಸಂತ ರೋಕೆಯ ಇಗರ್ಜಿಯ ಬಾಗಿಲಲ್ಲಿ ಮೇಣದಬತ್ತಿ ಮಾರುವವಳು. ಹೆಸರು ಲಿಂದಾಲ್ವಾ. ನನ್ನ ಮಗಳ ಜ್ಞಾನಸ್ನಾನದ ದಿನ ಕೂಸನ್ನು ತೋಳಲ್ಲಿ ಹಿಡಿದು ನಿಂತವಳು ವಾಲ್ದೆಲೀಸಿ. ಅವತ್ತಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರಿ. ನಮ್ಮ ಕಡೆ ಅದು ಒಡಹುಟ್ಟಿದವರಿಗಿಂತ ಹತ್ತಿರದ ನಂಟು. ಹಾಗಾಗಿ ಪತ್ರಿಕೆ ಬಿಟ್ಟದ್ದನ್ನು ನಾನು ಹೇಳಬೇಕು.

ಅವಳ ಅಂಕಣ ಬರುತ್ತಿದ್ದದ್ದು ಸತ್ತವರ ಸುದ್ದಿಗೂ ದನದ ಔಷಧಿಯ ಜಾಹೀರಾತಿಗೂ ನಡುವೆ. ಮ್ಯೂಸಿಯಂ ಇಲ್ಲದ, ಗ್ಯಾಲರಿ ಇಲ್ಲದ ಈ ಒಣ ಸೀಮೆಯಲ್ಲಿ ವಿಮರ್ಶೆಗೆ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ, ಕೆತ್ತಿದ್ದು ಎರಕ ಹೊಯ್ದದ್ದು ಎಲ್ಲವೂ ಸಿಗುತ್ತದೆ ಅನ್ನುತ್ತಿದ್ದಳು. ಗೋರಿಯ ಮೇಲಿನ ಸಿಮೆಂಟಿನ ದೇವದೂತನಿಂದ ಹಿಡಿದು ಬೇಕರಿಯ ಮುಂದಿನ ಮಣ್ಣಿನ ಹೆಂಗಸಿನವರೆಗೆ ಯಾವುದನ್ನೂ ಬಿಟ್ಟವಳಲ್ಲ. ನಮ್ಮ ಮೇಯರ್ ಬಸ್ ನಿಲ್ದಾಣದ ಎದುರು ಕಾಂಕ್ರೀಟಿನ ಸಂತ ರೋಕೆಯನ್ನು ನಿಲ್ಲಿಸಿದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ವಾಲ್ದೆಲೀಸಿ ಬರೆದಳು: ‘ಸಂತರು ತಡವಾದ ಬಸ್ಸಿಗೆ ಕಾಯುತ್ತಿರುವವರ ಹಾಗೆ ನಿಂತಿದ್ದಾರೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದು ಅವರ ಕಾಲ ಬಳಿಯ ನಾಯಿಗೆ ಮಾತ್ರ.’

ಮೇಯರ್ ಕಡೆಯವನೊಬ್ಬ ನನ್ನ ಅಂಗಡಿಯಲ್ಲೇ ಅವಳನ್ನು ಹಿಡಿದ. “ಟೀಚರ್, ಒಂದೇ ಒಂದು ಒಳ್ಳೆ ಮಾತು ಬರ್ದುಬಿಡಿ. ನಿಮ್ಗೇನು ಕಷ್ಟ ಅದ್ರಲ್ಲಿ?”

“ಬರ್ದಿದೀನಲ್ಲಪ್ಪ. ನಾಯಿ ಚೆನ್ನಾಗಿದೆ ಅಂತ.”

ಅದರ ಮರುತಿಂಗಳು ಅವಳನ್ನು ಮುಳ್ಳುಕಾಡಿನೊಳಗಿನ ಒಂದು ಶಾಲೆಗೆ ಎತ್ತಿಹಾಕಿದರು. ವರ್ಷಗಟ್ಟಲೆ ಬಿಸಿಲಲ್ಲಿ ಸೈಕಲ್ ತುಳಿದಳು, ಮೊಣಕಾಲು ಹಾಳುಮಾಡಿಕೊಂಡಳು, ಬರೆದದ್ದರಲ್ಲಿ ಒಂದಕ್ಷರ ತಿದ್ದಲಿಲ್ಲ. ಕಂಡದ್ದನ್ನಷ್ಟೇ ಬರೆಯುವುದು ಅವಳಿಗೆ ಹಲ್ಲುಜ್ಜಿದಷ್ಟು ಸಹಜ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಅವಳು ಬರೆದ ಒಂದು ಸುಳ್ಳು ಅವಳಿಗೆ ಎಷ್ಟು ದುಬಾರಿಯಾಯಿತು ಎಂಬುದು ಆಗ ತಿಳಿಯುತ್ತದೆ.

ನಮ್ಮ ಇಗರ್ಜಿಯ ಪಕ್ಕದಲ್ಲಿ ಹರಕೆ ಕೋಣೆ ಇದೆ. ಕಾಲು ಮುರಿದು ಕೂಡಿಕೊಂಡವನು ಮರದ ಕಾಲು ತಂದು ಒಪ್ಪಿಸುತ್ತಾನೆ. ಎದೆಯ ಗಂಟು ಕರಗಿದವಳು ಮರದ ಮೊಲೆ, ತಲೆಯ ಕಾಯಿಲೆ ಬಿಟ್ಟವರು ಮರದ ತಲೆ. ವಾಸಿಯಾದ ಮೇಲೆ ತರಬೇಕು, ಮೊದಲಲ್ಲ. ಕೆತ್ತಿದ್ದನ್ನು ಗೋಡೆಗೆ ನೇತುಹಾಕಿ ಕೈಮುಗಿದರೆ ಅದು ಸಂತನದು. ಕೋಣೆ ತುಂಬಿದಾಗ, ಆಗಸ್ಟಿನ ಹಬ್ಬದ ಮರುದಿನ, ಪಾದ್ರಿಗಳು ಹಳೆಯದನ್ನೆಲ್ಲ ಹಿಂದಿನ ಬಯಲಿನಲ್ಲಿ ರಾಶಿ ಹಾಕಿಸಿ ಸುಡಿಸುತ್ತಾರೆ. ಸುಟ್ಟರೆ ಯಾರಿಗೂ ಬೇಸರವಿಲ್ಲ, ಹೊಗೆ ಹೋಗಬೇಕಾದಲ್ಲಿಗೇ ಹೋಗುತ್ತದೆ. ಆದರೆ ಒಪ್ಪಿಸಿದ್ದನ್ನು ಯಾರಾದರೂ ಹೊತ್ತುಕೊಂಡು ಬಾಗಿಲು ದಾಟಿದರೆ ಹರಕೆ ಮುರಿಯಿತು, ಬಿಟ್ಟುಹೋದ ಕಾಯಿಲೆ ದಾರಿ ಹಿಡಿದು ವಾಪಸ್ ಬರುತ್ತದೆ. ನಮ್ಮಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಹುಟ್ಟುತ್ತಲೇ ಗೊತ್ತಿರುತ್ತದೆ.

ವಾಲ್ದೆಲೀಸಿ ಭಾನುವಾರದ ಪೂಜೆ ಮುಗಿಸಿ ಆ ಕೋಣೆಗೆ ಹೊಕ್ಕರೆ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಯಾವುದೋ ಒಂದು ಕಾಲಿನ ಮುಂದೆ ನಿಂತಳೆಂದರೆ ನಿಂತಳು. “ಏನ್ ಕೊಮಾದ್ರಿ, ಅದಕ್ಕೆ ಚಪ್ಪಲಿ ಅಳತೆ ತಗೋತಿದೀಯಾ?” ಎಂದು ನಾನು ಕಾಲೆಳೆದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಹೀಗೆ ನೋಡುತ್ತಾ ನೋಡುತ್ತಾ, ನೂರಾರು ತಲೆಗಳ ನಡುವೆ ಕೆಲವು ಒಂದೇ ಕೈಯಿಂದ ಬಂದವು ಎಂದು ಕಂಡುಹಿಡಿದಳು. ಆ ಕೈ ಜೆನಿವಾಲ್‌ನದು.

ಜೆನಿವಾಲ್ ಟವಾರಿಸ್ ಸಂತೆಬೀದಿಯ ಕೊನೆಯಲ್ಲಿ ತಗಡಿನ ಚಪ್ಪರದಡಿ ಕೂತು ಉಂಬುರಾನಾ ಮರದಲ್ಲಿ ಹರಕೆ ಕೆತ್ತುತ್ತಿದ್ದ. ಕೆತ್ತುವವರು ಇನ್ನೂ ನಾಲ್ಕಾರು ಜನ ಇದ್ದರು. ಉಳಿದವರು ತಲೆ ಕೇಳಿದರೆ ತಲೆ ಕೊಡುತ್ತಿದ್ದರು, ಯಾರದಾದರೂ ಆದೀತು. ಇವನು ಹಾಗಲ್ಲ, ಹರಕೆ ಹೊತ್ತವರನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ, ದಿನಗಟ್ಟಲೆ ಸತಾಯಿಸುತ್ತಿದ್ದ. ವಾಲ್ದೆಲೀಸಿ ಅವನ ಬಗ್ಗೆ ಮೊದಲ ಲೇಖನ ಬರೆದಳು. ಕಿವಿನೋವು ವಾಸಿಯಾದ ಒಬ್ಬ ದನಗಾಹಿಯ ತಲೆ ಅದರ ವಸ್ತು. ‘ನೋವು ಹೋದ ಮೇಲೂ ಈ ಮನುಷ್ಯ ತಲೆಯನ್ನು ಆ ಕಡೆಗೇ ವಾಲಿಸಿಕೊಂಡಿದ್ದಾನೆ. ಶಿಲ್ಪಿ ಕೆತ್ತಿರುವುದು ಕಿವಿಯನ್ನಲ್ಲ, ಅಭ್ಯಾಸವನ್ನು’ ಎಂದು ಬರೆದಿದ್ದಳು.

ಜೆನಿವಾಲ್‌ಗೆ ಓದು ಅಷ್ಟಕ್ಕಷ್ಟೆ. ಪತ್ರಿಕೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ನಾನು ಓದಿದೆ. ಮತ್ತೆ ಓದಿ ಅಂದ. ಓದಿದೆ. ಗಿರಾಕಿಗಳು ಕಾಯುತ್ತಿದ್ದರೂ ಇನ್ನೊಂದು ಸಲ ಅಂದ.

“ಇದು ನನ್ನ ಬಗ್ಗೆನೇ ಅಲ್ವಾ ಲಿಂದಾಲ್ವಕ್ಕ? ಆ ‘ಶಿಲ್ಪಿ’ ಅಂತ ಬಂತಲ್ಲ, ಅದು ನಾನೇ ತಾನೆ?”

“ಇನ್ಯಾರು, ಮೇಯರ್ರಾ?”

ಅವತ್ತಿನಿಂದ ಅವನ ನಡಿಗೆಯೇ ಬದಲಾಯಿತು. ಹೊಗಳಿಕೆಗೆ ಬಾಯಿಬಿಡುವ ಜಾತಿ ಅವನು, ಹಾಗೆಂದು ಕೆಟ್ಟವನಲ್ಲ. ನಲವತ್ತು ದಾಟುವವರೆಗೆ ಯಾರೂ ಅವನ ಕೆಲಸವನ್ನು ತಿರುಗಿ ನೋಡಿರಲಿಲ್ಲ, ಹಸಿವಿತ್ತು. ವಾಲ್ದೆಲೀಸಿ ಮತ್ತೆ ಮತ್ತೆ ಬರೆದಳು. ಬರೆಯುತ್ತಾ ಒಂದು ದಿನ ಇದನ್ನೂ ಬರೆದಳು: ‘ಇಂಥ ಕೆಲಸ ಹೆಸರಿಲ್ಲದೆ ಗೋಡೆಯಲ್ಲಿ ನೇತಾಡುವುದು ನಮಗೆ ನಾಚಿಕೆ. ಜೆನಿವಾಲ್ ತನ್ನ ಕೆಲಸಕ್ಕೆ ಸಹಿ ಹಾಕಬೇಕು.’

ಅವನು ಮೊದಲು ಒಪ್ಪಲಿಲ್ಲ. “ಟೀಚರ್, ತಲೆ ಅವರ್ದು, ಹರಕೆ ಅವರ್ದು. ನಡುವೆ ನನ್ನ ಹೆಸ್ರು ಯಾಕೆ?” ಎಂದು ತಲೆ ಕೆರೆದುಕೊಂಡ.

“ನೋಡಿದ್ದು ನೀವು, ಜೆನಿವಾಲ್. ನೋಡಿದವನ ಹೆಸ್ರು ಬೇಡ್ವಾ?” ಅಂದಳು ಅವಳು. ಮಾತು ಚೆನ್ನಾಗಿತ್ತು. ನನಗೂ ಸರಿಯೆನ್ನಿಸಿತ್ತು. ಮುಂದಿನ ವಾರದಿಂದ ಅವನು ಪ್ರತಿ ತಲೆಯ ಕತ್ತಿನ ಕೆಳಗೆ ಚಾಕುವಿನ ಮೊನೆಯಿಂದ ತನ್ನ ಹೆಸರಿನ ಎರಡು ಅಕ್ಷರ ಕೊರೆಯತೊಡಗಿದ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಅವಳ ಲೇಖನಗಳು ಯಾರ ಕೈಯಿಂದಲೋ ಕಡಲತೀರದ ದೊಡ್ಡ ನಗರ ರೆಸಿಫೆ ತಲುಪಿದವು. ಅಲ್ಲಿಂದ ಕಲಾ ವ್ಯಾಪಾರಿಯೊಬ್ಬ ಬಂದ. ನುಣ್ಣಗೆ ಕ್ಷೌರ, ಬೆವರದ ಅಂಗಿ. ಜೆನಿವಾಲ್‌ನ ಚಪ್ಪರದಲ್ಲಿದ್ದ ತಲೆಗಳನ್ನೆಲ್ಲ ಕೊಂಡುಕೊಂಡು, ಇನ್ನೂ ಬೇಕು ಎಂದು ಹೇಳಿ ಹೋದ. ರೆಸಿಫೆಯಲ್ಲಿ ಪ್ರದರ್ಶನ ಇಟ್ಟ. ಅದರ ಕ್ಯಾಟಲಾಗಿಗೆ ಮುನ್ನುಡಿ ಬರೆದುಕೊಡಲು ವಾಲ್ದೆಲೀಸಿಗೆ ಫೋಟೋಗಳನ್ನು ಕಳಿಸಿದ. ಅವಳು ರಜೆ ಹಾಕಿ, ನನ್ನ ಅಡುಗೆಮನೆಯ ಮೇಜಿನ ಮೇಲೆ ಆ ಫೋಟೋಗಳನ್ನು ಹರಡಿಕೊಂಡು ಬರೆದಳು. ಒಂದು ಸಣ್ಣ ಹುಡುಗಿಯ ತಲೆಯ ಬಗ್ಗೆಯೇ ಎರಡು ಪುಟ. ಮುನ್ನುಡಿಯ ಜೊತೆಗೇ ಫೋಟೋಗಳನ್ನೂ ವಾಪಸ್ ಕಳಿಸಿದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆಂದೂ ನೋಡಲಿಲ್ಲ.

ಅದೇ ಹೊತ್ತಿಗೆ ಹರಕೆ ಕೋಣೆಯಿಂದ ತಲೆಗಳು ಮಾಯವಾಗುತ್ತಿದ್ದವು. ಗೋಡೆಯ ಮೇಲೆ ಬರೀ ಮೊಳೆ. ಮೊದಲು ಯಾರೂ ಗಮನಿಸಲಿಲ್ಲ, ಅಷ್ಟೊಂದು ಇವೆಯಲ್ಲ. ಯಾತ್ರಿಕರ ಹುಲ್ಲಿನ ಟೋಪಿ ಹಾಕಿಕೊಂಡು ಬಂದವರು, ನಿಂತು ಪ್ರಾರ್ಥಿಸುವಂತೆ ನಟಿಸಿ, ತಲೆಗಳನ್ನು ಎತ್ತಿ ಕತ್ತಿನ ಕೆಳಗೆ ನೋಡಿ, ಎರಡು ಅಕ್ಷರ ಇದ್ದದ್ದನ್ನು ಚೀಲಕ್ಕಿಳಿಸುತ್ತಿದ್ದರು. ಹಿಂದೆಲ್ಲ ಯಾವುದು ಯಾರು ಕೆತ್ತಿದ್ದೆಂದು ಹೇಳಲು ವಾಲ್ದೆಲೀಸಿಯ ಕಣ್ಣೇ ಬೇಕಿತ್ತು. ಈಗ ಕಳ್ಳನಿಗೂ ಗೊತ್ತಾಗುತ್ತಿತ್ತು.

ಊರಿಗೆ ಬಂದ ಒಂದೇ ಒಂದು ಕ್ಯಾಟಲಾಗನ್ನು ಹಿಡಿದು ಜೆನಿವಾಲ್ ಊರೆಲ್ಲ ಸುತ್ತಿದ. ಕಟುಕನಿಗೆ ತೋರಿಸಿದ, ಪಾದ್ರಿಗಳಿಗೆ ತೋರಿಸಿದ, ಕೊನೆಗೆ ನನ್ನ ಅಂಗಡಿಯ ಕಟ್ಟೆಯ ಮೇಲೆ ಬಿಡಿಸಿಟ್ಟು ಕೂತ. ಆಗ ಜುರೇಮಾ ಬಂದಳು. ಬಟ್ಟೆ ಒಗೆದು ಬದುಕುವವಳು, ಗಂಡ ಕಬ್ಬಿನ ಸೀಮೆಗೆ ಹೋದವನು ತಿರುಗಿ ಬಂದಿರಲಿಲ್ಲ. ಅವಳ ಒಬ್ಬಳೇ ಮಗಳು ಇರಾಸಿ. ಆ ಮಗುವಿಗೆ ನಡೆಯಲು ಕಲಿತಾಗಿನಿಂದ ಮೂರ್ಛೆ ಬರುತ್ತಿತ್ತು. ಸಂತ ರೋಕೆಗೆ ಹರಕೆ ಹೊತ್ತ ಮೇಲೆ ನಿಂತುಹೋಯಿತು, ಒಂದು ಬೇಸಿಗೆ ಪೂರ್ತಿ ಬರಲಿಲ್ಲ. ಜುರೇಮಾ ಮಗುವನ್ನು ಜೆನಿವಾಲ್‌ನ ಮುಂದೆ ಕೂರಿಸಿ ತಲೆ ಕೆತ್ತಿಸಿ ಒಪ್ಪಿಸಿದ್ದಳು. ಈಗ ಮಳೆಗಾಲದ ಮೊದಲಲ್ಲಿ ಮೂರ್ಛೆ ಮತ್ತೆ ಶುರುವಾಗಿತ್ತು, ಮೊದಲಿಗಿಂತ ಜೋರಾಗಿ. ಮೇಣದಬತ್ತಿ ಕೊಳ್ಳಲು ಬಂದಿದ್ದಳು.

ಕಣ್ಣು ಕ್ಯಾಟಲಾಗಿನ ಮೇಲೆ ಬಿತ್ತು. ಅವಳು ಫೋಟೋ ಮೇಲೆ ಬೆರಳಿಟ್ಟಳು.

“ಇದು ನನ್ನ ಇರಾಸಿ.”

ಜೆನಿವಾಲ್ ನಕ್ಕ. “ಹೌದಮ್ಮ, ರೆಸಿಫೆಯಲ್ಲಿದಾಳೆ ಈಗ. ನಿನ್ನ ಮಗಳನ್ನ ದೊಡ್ಡ ದೊಡ್ಡೋರು ನೋಡ್ತಿದಾರೆ.”

“ನಾನು ಇದನ್ನ ಸಂತನಿಗೆ ಕೊಟ್ಟಿದ್ದು,” ಅಂದಳು ಜುರೇಮಾ. “ರೆಸಿಫೆಗೆ ಯಾರು ಕೊಟ್ರು?”

ಜೆನಿವಾಲ್‌ನ ನಗು ಹಾಗೇ ಬಾಯಲ್ಲಿ ನಿಂತಿತು. ಪಾದ್ರಿಗಳು ಮಾರಿರಬಹುದು ಅಂದುಕೊಂಡಿದ್ದೆ ಎಂದು ಏನೋ ತೊದಲಿದ. ಅಂದುಕೊಂಡಿರಲಿಲ್ಲ, ಯೋಚಿಸಲು ಹೋಗಿರಲೇ ಇಲ್ಲ. ತನ್ನ ಕೆಲಸ ಬಣ್ಣದ ಪುಟದಲ್ಲಿ ಕಂಡವನಿಗೆ ಅದು ಯಾವ ಗೋಡೆಯಿಂದ ಇಳಿಯಿತು ಎಂಬ ಚಿಂತೆ ಬಂದಿರಲಿಲ್ಲ. ಜುರೇಮಾ ಕೂಗಾಡಲಿಲ್ಲ. ಫೋಟೋದ ಕೆಳಗೆ ಏನು ಬರೆದಿದೆ ಎಂದು ನನ್ನನ್ನು ಕೇಳಿದಳು. ನಾನು ಓದಿ ಹೇಳಿದೆ. ಬರೆದವರು ಯಾರು ಎಂದಳು. ಹೇಳಿದೆ.

ಅವತ್ತೇ ಸಂಜೆ ಅವಳು ವಾಲ್ದೆಲೀಸಿಯ ಮನೆಗೆ ಹೋದಳು. ನಾನೂ ಜೊತೆಗಿದ್ದೆ. “ದೋನಾ ವಾಲ್ದೆಲೀಸಿ, ನನ್ನ ಮಗೂಗೆ ಬೆಳಿಗ್ಗೆ ಒಂದ್ಸಲ ಬಂತು, ಮಧ್ಯಾಹ್ನ ಒಂದ್ಸಲ ಬಂತು. ನಿಮ್ಮ ಮಾತು ದೊಡ್ಡೋರು ಕೇಳ್ತಾರಂತೆ. ಆ ತಲೆ ತರ್ಸಿಕೊಡಿ. ಇಲ್ಲೇ ಸುಡಬೇಕು ಅದು.”

ವಾಲ್ದೆಲೀಸಿ ಕುರ್ಚಿಯ ಹಿಡಿಕೆ ಹಿಡಿದುಕೊಂಡಳು. ಆ ಮಗುವಿನ ಕೆನ್ನೆಯ ಬಗ್ಗೆ, ರೆಪ್ಪೆಯ ಬಗ್ಗೆ ಎರಡು ಪುಟ ಬರೆಯುವಾಗ ಅದಕ್ಕೊಬ್ಬ ತಾಯಿ ಇದ್ದಾಳು, ಅವಳು ಸಂತೆಬೀದಿಯಲ್ಲೇ ಇದ್ದಾಳು ಎಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ನನ್ನ ಗೆಳತಿ ಎಂದು ನಾನು ಇದನ್ನು ಮುಚ್ಚಿಡುವುದಿಲ್ಲ.

ನಾವಿಬ್ಬರೂ ಬಸ್ಸು ಹತ್ತಿ ರೆಸಿಫೆಗೆ ಹೋದೆವು. ವ್ಯಾಪಾರಿ ಕಾಫಿ ತರಿಸಿದ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಆಮೇಲೆ ಹೇಳಿದ, “ನಾನು ದುಡ್ಡು ಕೊಟ್ಟು ಕೊಂಡದ್ದು ದೋನಾ. ಎಲ್ಲಿಂದ ಬಂತು ಅಂತ ನಾನು ಕೇಳಲ್ಲ, ಅದು ನಮ್ಮ ಕಸುಬಲ್ಲ. ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನೀವು ಬರೀದೇ ಇದ್ದಿದ್ರೆ ಇದು ಒಲೆಗೆ ಹಾಕೋ ಕಟ್ಟಿಗೆ. ಇದಕ್ಕೆ ಬೆಲೆ ಕಟ್ಟಿದ್ದು ನೀವೇ.”

ವಾಪಸ್ ಬರುವ ದಾರಿಯಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಕಬ್ಬಿನ ಗದ್ದೆ ಮುಗಿದು ಮುಳ್ಳುಕಾಡು ಶುರುವಾದಾಗ ಬಾಯಿಬಿಟ್ಟಳು. “ಅವನು ಹೇಳಿದ್ದು ಸರಿ ಕೊಮಾದ್ರಿ. ಬೆಲೆ ಕಟ್ಟಿದ್ದು ನಾನು. ಹಾಗಾದ್ರೆ ಕಳೆಯೋದಕ್ಕೂ ನನಗೇ ಆಗತ್ತೆ.”

ಅರ್ಥವಾಗಿ ನನಗೆ ದಿಗಿಲಾಯಿತು. “ಅದು ಜೆನಿವಾಲ್ ಕೆತ್ತಿದ್ದಲ್ಲ ಅಂತ ಬರೀತೀಯಾ?”

“ನಕಲು ಅಂತ.”

“ಅವನಿಗೆ ಹೇಳಿ ಬರಿ. ಒಂದು ಮಾತು ಕೇಳು ಅವನನ್ನ.”

“ಕೇಳಿದ್ರೆ ಬೇಡ ಅಂತಾನೆ. ಅಂದಮೇಲೆ ನಾನು ಹೇಗೆ ಬರೀಲಿ?”

ಅವನಿಗೆ ಹೇಳದೆಯೇ ಕೂತಳು. ಬರೆದಳು. ನಮ್ಮ ಪತ್ರಿಕೆಗೂ ರೆಸಿಫೆಯ ಪತ್ರಿಕೆಗೂ ಕಳಿಸಿದಳು. ಮೇಯರನಿಗಾಗಿ ಒಂದು ಸಾಲು ಸುಳ್ಳು ಬರೆಯದವಳು ಒಂದು ಇಡೀ ಅಂಕಣ ಸುಳ್ಳು ಬರೆದಳು, ಮತ್ತು ನನ್ನ ದೇವರೇ, ಎಷ್ಟು ಚೆನ್ನಾಗಿ ಬರೆದಳು. ಕ್ಯಾಟಲಾಗಿನಲ್ಲಿರುವ ಹುಡುಗಿಯ ತಲೆ ಜೆನಿವಾಲ್‌ನದಲ್ಲ, ಹುಬ್ಬಿನ ಏಟು ಅವನದಲ್ಲ, ಕಿವಿಯ ಹಿಂದಿನ ಕೊರೆತ ಇನ್ನೂ ಕಲಿಯುತ್ತಿರುವ ಯಾರದೋ, ತಾನು ಫೋಟೋ ನೋಡಿ ಮೋಸಹೋದೆ, ಸಹಿ ಯಾರು ಬೇಕಾದರೂ ಕೊರೆಯಬಹುದು. ಓದಿದವರಿಗೆ ಅನುಮಾನವೇ ಬರುವಂತಿರಲಿಲ್ಲ, ಯಾಕೆಂದರೆ ಅವಳು ಸುಳ್ಳು ಬರೆಯುವವಳಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನನಗಿದ್ದ ಭಯವೇ ನಿಜವಾಯಿತು. ಒಂದು ತಲೆ ನಕಲಾದರೆ ಉಳಿದವು ಅಸಲಿ ಎಂದು ಯಾರು ಹೇಳಬೇಕು? ಕೊಂಡವರೆಲ್ಲ ವ್ಯಾಪಾರಿಯ ಕುತ್ತಿಗೆ ಹಿಡಿದರು. ಅವನು ಕ್ಯಾಟಲಾಗುಗಳನ್ನು ರದ್ದಿಗೆ ಹಾಕಿ, ಜೆನಿವಾಲ್‌ನದಲ್ಲವೆಂದ ಆ ಒಂದು ತಲೆ ಬಿಟ್ಟು ಉಳಿದ ಸರಕನ್ನೆಲ್ಲ ಲಾರಿಗೆ ತುಂಬಿಸಿ ವಾಪಸ್ ಕಳಿಸಿದ. ಚಪ್ಪರದ ಮುಂದೆ ಬೀದಿಯಲ್ಲೇ ಇಳಿಸಿ ಹೋದರು. ದಿನಗಟ್ಟಲೆ ಜನ ಅವುಗಳನ್ನು ದಾಟಿಕೊಂಡು ಸಂತೆಗೆ ಹೋದರು. ಊರಿನವರು ಆಗಲೇ ಅವನ ಹತ್ತಿರ ಕೆತ್ತಿಸುವುದನ್ನು ಬಿಟ್ಟಿದ್ದರು, ಅವನು ಕೆತ್ತಿದ ತಲೆ ಕಳುವಾಗದೆ ಹರಕೆ ಕೋಣೆಯಲ್ಲಿ ನಿಲ್ಲುವುದಿಲ್ಲ ಎಂದು.

ಜೆನಿವಾಲ್ ಪತ್ರಿಕೆ ಹಿಡಿದು ನನ್ನ ಅಂಗಡಿಗೆ ಬಂದ. ನಾನು ಓದಿದೆ. ಈ ಸಲ ಮತ್ತೆ ಓದಿ ಎನ್ನಲಿಲ್ಲ. ಮೇಣದಬತ್ತಿಯ ಕಟ್ಟುಗಳನ್ನು ನೋಡುತ್ತಾ ನಿಂತ.

“ಆ ಮಗೂನ ಎದುರಿಗೆ ಕೂರಿಸ್ಕೊಂಡು ಕೆತ್ತಿದೀನಿ ಲಿಂದಾಲ್ವಕ್ಕ. ಅದು ನನ್ನ ಕೆಲ್ಸ. ಅದೊಂದು ಸರಿಯಾಗಿ ಬಂದಿತ್ತು ನನಗೆ. ಬೇರೆ ಯಾವ್ದನ್ನಾದ್ರೂ ಅಲ್ಲ ಅನ್ಲಿ, ಅದನ್ನ ಹೇಗಂತಾರೆ ಟೀಚರು?”

ನಾನು ಯಾಕೆಂದು ಹೇಳಿದೆ. ಇರಾಸಿಗಾಗಿ ಎಂದೆ. ಅವನು ತಲೆಯಾಡಿಸಿದ. ಅರ್ಥವಾಗದೆ ಇರಲಿಲ್ಲ, ಅರ್ಥವಾದದ್ದರಿಂದಲೇ ಇನ್ನಷ್ಟು ಬಗ್ಗಿಹೋದ. “ನನ್ನನ್ನ ಕೇಳ್ಬಹುದಿತ್ತು,” ಎಂದಷ್ಟೇ ಹೇಳಿದ.

ಆಮೇಲೆ ನಾನೊಬ್ಬಳೇ ರೆಸಿಫೆಗೆ ಹೋದೆ. ವ್ಯಾಪಾರಿ ನನ್ನನ್ನು ಮರೆತಿದ್ದ, ಮೇಣದಬತ್ತಿ ಮಾರುವವಳ ಮುಖ ಯಾರು ನೆನಪಿಡುತ್ತಾರೆ. ಅಂಗಡಿಯಲ್ಲಿ ಅಂದಕ್ಕೆ ಇಡಲು ಒಂದು ಮರದ ತಲೆ ಬೇಕಿತ್ತು ಎಂದೆ. ಹಿತ್ತಲಲ್ಲಿ ಪೊರಕೆಗಳ ಪಕ್ಕ ಬಿದ್ದಿದ್ದ ಇರಾಸಿಯ ತಲೆಯನ್ನು ತೆಗೆದು, ಧೂಳು ಕೂಡ ಒರೆಸದೆ ನನ್ನ ಚೀಲಕ್ಕೆ ಹಾಕಿದ. “ಏನಾದ್ರೂ ಕೊಟ್ಟು ತಗೊಂಡೋಗು, ಇದರ ಮುಖ ನೋಡೋಕಾಗ್ತಿಲ್ಲ ನನಗೆ” ಅಂದ.

ನನ್ನ ಅಡುಗೆಮನೆಯಲ್ಲಿ ವಾಲ್ದೆಲೀಸಿ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಳು. ಒಪ್ಪಿಸಿದ ವಾರವೇ ಕಳುವಾಗಿದ್ದರಿಂದ ಅಲ್ಲಿಯವರೆಗೆ ಫೋಟೋದಲ್ಲಷ್ಟೇ ನೋಡಿದ್ದಳು. ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಹೆಬ್ಬೆರಳಿಂದ ತುಟಿಯನ್ನು ಮುಟ್ಟಿದಳು, ಹಣೆಯನ್ನು ಮುಟ್ಟಿದಳು, ಮತ್ತೆ ತುಟಿಯನ್ನು ಮುಟ್ಟಿದಳು. ಹಬ್ಬಕ್ಕೆ ಇನ್ನೂ ದಿನಗಳಿದ್ದವು, ಅಲ್ಲಿಯವರೆಗೆ ಇದು ಗೋಡೆಯಲ್ಲಿ ಇರಬೇಕಲ್ಲ, ಸಹಿ ಕಂಡರೆ ಮತ್ತೆ ಯಾರಾದರೂ ಎತ್ತಿಯಾರು. ನನ್ನ ಈರುಳ್ಳಿ ಹೆಚ್ಚುವ ಚಾಕು ಕೇಳಿದಳು. ಕತ್ತಿನ ಕೆಳಗಿನ ಎರಡು ಅಕ್ಷರಗಳನ್ನು ಕೆರೆದು ತೆಗೆದಳು. ಎರಡು ಕಡೆ ಮರ ಎದ್ದುಬಂತು.

ಹಬ್ಬದ ಮರುದಿನ ಜುರೇಮಾ ಮಗಳ ತಲೆಯನ್ನು ತಾನೇ ಹೊತ್ತು ಇಗರ್ಜಿಯ ಹಿಂದಿನ ಬಯಲಿಗೆ ತಂದಳು. ಕ್ಯಾಟಲಾಗನ್ನೂ ತಂದಿದ್ದಳು, ಜೆನಿವಾಲ್‌ನನ್ನು ಕೇಳಿ ಇಸಿದುಕೊಂಡದ್ದು. ಇರಾಸಿ ಅವಳ ಲಂಗ ಹಿಡಿದುಕೊಂಡು ರಪದೂರ ಬೆಲ್ಲ ಚೀಪುತ್ತಿತ್ತು. ಮರದ ಮುಖ, ಮಗುವಿನ ಮುಖ ಎರಡೂ ಅಕ್ಕಪಕ್ಕ ಕಂಡಾಗ ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಜೆನಿವಾಲ್ ಬಂದಿದ್ದ. ತಲೆಯನ್ನು ಕೇಳಿ ಪಡೆದು, ಮಗುಚಿ, ಕತ್ತಿನ ಕೆಳಗೆ ನೋಡಿದ.

“ಯಾರು ಕೆರೆದದ್ದು?”

“ನಾನು,” ಅಂದಳು ವಾಲ್ದೆಲೀಸಿ.

ಅವನು ತಲೆಯನ್ನು ಜುರೇಮಾಗೆ ವಾಪಸ್ ಕೊಟ್ಟ. ಅವಳು ಬೆಂಕಿಗೆ ಹಾಕಿದಳು, ಕ್ಯಾಟಲಾಗನ್ನೂ ಅದರ ಮೇಲೆ ಎಸೆದಳು. ಉಂಬುರಾನಾ ಹಗುರದ ಮರ, ಸುಡಲು ಹೊತ್ತು ಬೇಕಿಲ್ಲ. ಪೂರ್ತಿ ಸುಡುವವರೆಗೆ ಜೆನಿವಾಲ್ ನಿಂತಿದ್ದು ಹೋದ.

ಇನ್ನು ಕದಿಯಲು ಏನೂ ಉಳಿದಿಲ್ಲವಲ್ಲ ಎಂದು ವಾಲ್ದೆಲೀಸಿ ಆ ವಾರವೇ ನಿಜ ಬರೆದಳು. ‘ನಾನು ಬೇಕೆಂದೇ ಸುಳ್ಳು ಹೇಳಿದೆ. ಆ ತಲೆ ಜೆನಿವಾಲ್‌ನದೇ, ಅವನ ಅತ್ಯುತ್ತಮ ಕೆಲಸ ಅದೇ.’ ರೆಸಿಫೆಯ ಪತ್ರಿಕೆ ಅದನ್ನು ಹಾಕಲೇ ಇಲ್ಲ. ನಮ್ಮದು ಹಾಕಿತು. ಓದಿದವರು ಮೂಗು ಮುರಿದರು. ಕೆತ್ತುವವನ ಸರಕು ಬಿದ್ದುಹೋಗಿದೆ, ಪಾಪ, ಎತ್ತಲು ನೋಡುತ್ತಿದ್ದಾಳೆ ಅಂದರು. ತಲೆ ಎಲ್ಲಿದೆ ತೋರಿಸು ಅಂದರು. ಎಲ್ಲಿಂದ ತೋರಿಸುತ್ತಾಳೆ? ಅವಳ ಮಾತಿಗಿದ್ದ ತೂಕ ಒಂದು ಸುಳ್ಳಿಗೆ ಪೂರ್ತಿ ಖರ್ಚಾಗಿತ್ತು, ನಿಜಕ್ಕೆ ಏನೂ ಉಳಿದಿರಲಿಲ್ಲ. ಜೆನಿವಾಲ್ ಚಪ್ಪರ ಕಿತ್ತು, ಉಳಿಗಳನ್ನು ಗೋಣಿಯಲ್ಲಿ ಕಟ್ಟಿಟ್ಟು, ಇಟ್ಟಿಗೆ ಗೂಡಿಗೆ ಕೂಲಿಗೆ ಹೋದ.

ಇರಾಸಿಗೆ ಏನಾಯಿತು ಎಂದು ಕೇಳುತ್ತೀರಿ. ಸುಟ್ಟ ಮೇಲೆ ಕೆಲವು ತಿಂಗಳು ಮೂರ್ಛೆ ಬರಲಿಲ್ಲ. ಜುರೇಮಾಳ ಮುಖ ತಿಳಿಯಾಯಿತು, ನಾವೆಲ್ಲ ಸಂತನ ಹೆಸರು ಹೇಳಿದೆವು. ಕ್ರಿಸ್ಮಸ್ ಕಳೆದು ಸ್ವಲ್ಪ ದಿನಕ್ಕೆ, ತಾಯಿ ಬಟ್ಟೆ ಒಗೆಯುತ್ತಿದ್ದಾಗ, ಕೆರೆಯ ಇನ್ನೊಂದು ದಡದಲ್ಲಿ ಮಗುವಿಗೆ ಮೂರ್ಛೆ ಬಂತು. ಮುಖ ಕೆಳಗಾಗಿ ಬಿದ್ದಿತ್ತು. ನೀರು ಮೊಣಕಾಲಿನಷ್ಟೂ ಇರಲಿಲ್ಲ.

ಜುರೇಮಾ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ವಾಲ್ದೆಲೀಸಿ ಇನ್ನಷ್ಟು ವರ್ಷ ಬದುಕುತ್ತಿದ್ದಳೋ ಏನೋ. ಮಣ್ಣು ಮಾಡಿದ ಮೇಲೆ ಒಂದು ದಿನ ಜುರೇಮಾ ಒಂದು ಒಳ್ಳೆಯ ಉಂಬುರಾನಾ ತುಂಡನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ವಾಲ್ದೆಲೀಸಿಯೂ ಅಲ್ಲಿದ್ದಳು.

“ದೋನಾ ವಾಲ್ದೆಲೀಸಿ, ಕಣ್ಣು ಮುಚ್ಚಿದ್ರೆ ನನಗೆ ಆ ಕೆರೆ ಮುಖಾನೇ ಬರತ್ತೆ. ಮೊದ್ಲಿನ ಮುಖ ಬರ್ತಿಲ್ಲ. ಒಂದು ಫೋಟೋ ತೆಗೆಸಿರ್ಲಿಲ್ಲ ನಾನು. ಇದ್ದ ಒಂದನ್ನೂ ಬೆಂಕಿಗೆ ಹಾಕ್ದೆ. ಜೆನಿವಾಲಣ್ಣ ಅದರ ಗಲ್ಲ ಹಿಡಿದು ನೋಡಿದಾನೆ, ಅವನಿಗೆ ನೆನಪಿರತ್ತೆ. ಸಂತನಿಗಲ್ಲ, ನನಗೆ ಒಂದು ಮಾಡ್ಕೊಡಕ್ಕೆ ಹೇಳಿ. ನಾನು ಕೇಳಿದ್ರೆ ಅಳು ಬರತ್ತೆ, ನೀವು ಕೇಳಿ.”

ಜೆನಿವಾಲ್‌ನ ಮನೆ ಇಟ್ಟಿಗೆ ಗೂಡಿನ ಹತ್ತಿರ. ನಾವು ಹೋದಾಗ ಕೆಲಸ ಮುಗಿಸಿ ಬಂದು, ಬಾಗಿಲಲ್ಲಿ ಕೂತು ಕಾಲಿನ ಕೆಂಪು ಧೂಳು ತೊಳೆದುಕೊಳ್ಳುತ್ತಿದ್ದ. ವಾಲ್ದೆಲೀಸಿ ವಿಷಯ ಹೇಳಿದಳು. ಅವನು ಕಾಲು ತೊಳೆಯುವುದನ್ನು ನಿಲ್ಲಿಸಲಿಲ್ಲ.

“ನಾನು ನಿಜ ಬರ್ದೆ, ಜೆನಿವಾಲ್.”

“ಯಾರು ಓದಿದ್ರು ಟೀಚರ್?”

ಇನ್ನೊಂದು ಕಾಲಿಗೆ ನೀರು ಸುರಿದುಕೊಂಡು ಅವನೇ, “ಆ ಮಗು ತಲೇಲಿ ಏನು ಚೆನ್ನಾಗಿತ್ತು, ಹೇಳಿ” ಅಂದ. “ಪೇಪರಿಗೆ ಬೇಡ. ನನಗೆ ಹೇಳಿ.”

ವಾಲ್ದೆಲೀಸಿ ಅಂಗಳದಲ್ಲಿ ನಿಂತೇ ಹೇಳಿದಳು. ಬರೆಯುವಾಗಿನ ದೊಡ್ಡ ಮಾತು ಒಂದೂ ಇರಲಿಲ್ಲ. “ಹಣೆ ಮೇಲೆ ನೀವು ಚಾಕು ಗುರುತು ಹಾಗೇ ಬಿಟ್ಟಿದ್ರಿ. ಕೆನ್ನೆ ಮೇಲೂ ಬಿಟ್ಟಿದ್ರಿ. ಬಾಯಿ ಸುತ್ತ ಮಾತ್ರ ಉಜ್ಜಿ ಉಜ್ಜಿ ನುಣುಪು ಮಾಡಿದ್ರಿ. ಅದು ಮೌನ ಅಂತ ಬರ್ದಿದ್ದೆ ನಾನು ಕ್ಯಾಟಲಾಗಲ್ಲಿ. ತಪ್ಪು ಅದು. ತಲೆ ಕೈಯಲ್ಲಿ ಹಿಡ್ದಾಗ ಗೊತ್ತಾಯ್ತು. ಮೂರ್ಛೆ ಬಂದಾಗೆಲ್ಲ ಜುರೇಮಾ ಆ ಮಗು ಬಾಯಿ ಒರೆಸ್ತಿದ್ಲು. ವರ್ಷಗಟ್ಲೆ ಒರೆಸಿದಾಳೆ. ನೀವು ಕೆತ್ತಿದ್ದು ಆ ಒರೆಸಿದ ಜಾಗ. ಮಗು ಮುಖದ ಮೇಲೆ ತಾಯಿ ಕೈ ಕೆತ್ತಿದ್ರಿ ನೀವು. ಅದನ್ನ ಈ ದೇಶದಲ್ಲಿ ಇನ್ಯಾರೂ ಮಾಡಿರ್ಲಿಲ್ಲ.”

ಜೆನಿವಾಲ್ ತಲೆ ಬಗ್ಗಿಸಿ ಕೇಳಿದ. ಇಷ್ಟು ವರ್ಷ ಅವಳು ಬರೆದದ್ದರಲ್ಲಿ ಇಷ್ಟು ಸರಿಯಾದ ವಿಮರ್ಶೆ ಇನ್ನೊಂದಿರಲಿಲ್ಲ, ಅದು ನನಗೂ ಗೊತ್ತಾಯಿತು. ಅವನು ತಂಬಿಗೆ ಕೆಳಗಿಟ್ಟು ಎದ್ದ.

“ಆ ತಲೆ ಕೆತ್ತಿದ ಮನುಷ್ಯ ಕೆಲಸ ಬಲ್ಲವನು, ಟೀಚರ್. ಅದನ್ನ ಕೆತ್ತಿದ್ದು ನಾನಲ್ಲ ಅಂತ ನೀವೇ ಬರ್ದಿದೀರಿ. ಹೋಗಿ ಅವನನ್ನೇ ಕೇಳಿ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಡಿಯಲು ಎತ್ತಿದ ಕೈಯನ್ನು ವಾಲ್ದೆಲೀಸಿ ಹಾಗೇ ಇಳಿಸಿದಳು. ನಾವು ತಿರುಗಿ ಬಂದೆವು. ಸಂತೆಬೀದಿಯ ತಿರುವಿನಲ್ಲೇ ಕಂಡಿತು, ಜುರೇಮಾ ಇನ್ನೂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು, ಮರದ ತುಂಡು ಮಡಿಲಲ್ಲಿತ್ತು. ನಮ್ಮನ್ನು ಕಂಡು ಎದ್ದು ನಿಂತಳು.